ದಿನಕ್ಕೆ ಹತ್ತು ಪೈಸೆ

ಮೊದಲು ಹೊರಬಂದದ್ದು ಅಮ್ಮನ ಮುರುಕು ಬೀಸಣಿಗೆ,
ಆಮೇಲೆ ನುಸಿಗುಳಿಗೆಯ ಪುಡಿ,
ಆಮೇಲೆ ಅದು.
ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ
ಮೂವತ್ತನಾಲ್ಕು ವರ್ಷ ಉಸಿರು ಬಿಗಿಹಿಡಿದಿದ್ದ
ಮೂವತ್ತೆರಡು ಪುಟದ ಚಿತ್ರಕಥೆ:
ಕಂಚಿನ ಆನೆ, ಒಳಗೊಬ್ಬ ಕಳ್ಳ.

ಪ್ರಣಮ್ಯ ತೊಡೆಯೇರಿ ಕೂತಳು.
ಮೂರನೇ ಕ್ಲಾಸು. ಬೆರಳಿಟ್ಟು ಓದುತ್ತಾಳೆ,
ಒತ್ತಕ್ಷರ ಬಂದಲ್ಲಿ ಗಾಡಿ ನಿಲ್ಲಿಸಿ
ಇಳಿದು ತಳ್ಳುತ್ತಾಳೆ.
"ರಾಣಿ ತುಟಿಯ ಕೆಂಪು ಯಾಕೆ ಗಲ್ಲಕ್ಕೆ ಹೋಗೈತೆ?"
ಆಗಿನ ಬಣ್ಣ ಹಂಗೇ ಕಣವ್ವ, ಗೆರೆಯ ಮಾತು ಕೇಳ್ತಿರಲಿಲ್ಲ.
"ಆನೆ ಒಳಗೆ ಉಚ್ಚೆ ಬಂದ್ರೆ ಏನ್ ಮಾಡ್ತಾನೆ?"
ನಲವತ್ಮೂರು ತುಂಬಿದರೂ ನನಗೆ ಹೊಳೆಯದ ಪ್ರಶ್ನೆ.

ವಠಾರದಲ್ಲಿ ಒಂದು ರಾತ್ರಿಗೆ ಐದು ಮಂದಿ ಓದಬೇಕು.
ಎದುರಿಗೆ ಕೂರುತ್ತಿದ್ದ ರುದ್ರಾಣಿ
ಎಲ್ಲ ಕಥೆಗಳನ್ನೂ ತಲೆಕೆಳಗಾಗಿಯೇ ಓದಿ ಕಲಿತಳು.
ರಾಜ ಸುತ್ತಿಗೆ ತರಿಸುವಾಗ ಐವರೂ ಸುಮ್ಮನಾಗುತ್ತಿದ್ದೆವು.
ಮೊದಲ ಏಟಿಗೆ ಢಣ್ ಎಂಬ ಅಕ್ಷರ
ಚೌಕಟ್ಟು ಒಡೆದು ಪಕ್ಕದ ಚಿತ್ರಕ್ಕೆ ನುಗ್ಗುತ್ತದೆ.
ಈಗ ಆ ಢಣ್ಣನ್ನು ಅಪ್ಪ ಮಗಳು ಸೇರಿ ಓದಿದೆವು.
ಮಹಡಿಯ ಬಾಡಿಗೆಯವರು ಇಣುಕಿದರು.

ಪುಟ ಮಗುಚಿದರೆ
ಕೊನೆಯ ಹಾಳೆಯ ನಡುವೆ ಒಂದು ಕಿಟಕಿ.
ಕತ್ತರಿ ಆಡಿದ, ನೇರ ಅಂಚಿನ, ಖಾಲಿ.
ಅದರಾಚೆ ಮಗಳ ಒಂದು ಕಣ್ಣು.
"ಅಪ್ಪಾ, ಕಳ್ಳ ಸಿಕ್ನಾ?"

ಹೇಳಿದೆ. ಹೇಳಲೇಬೇಕಾಯಿತು.
ಆ ಪುಟದ ಬೆನ್ನಿಗೊಂದು ಕೂಪನ್ ಇತ್ತು.
ಹೆಸರು, ವಿಳಾಸ, ಪಿನ್‌ಕೋಡು ತುಂಬಿ ಕಳಿಸಿದರೆ
ಅದೃಷ್ಟವಂತ ಬಾಲಕನಿಗೆ ಸೈಕಲ್ಲು.
ಅಪ್ಪ ಗಿರಣಿಯ ಎರಡನೇ ಪಾಳಿಗೆ ಹೋದ ಮೇಲೆ
ಅಮ್ಮನ ಕತ್ತರಿ ಕದ್ದು, ನಾಲಿಗೆ ಕಚ್ಚಿಕೊಂಡು
ಗೆರೆ ತಪ್ಪದಂತೆ ಕತ್ತರಿಸಿದೆ.
ಕೂಪನ್ನಿನ ಜೊತೆ ಕಳ್ಳನೂ ಅಂಚೆಡಬ್ಬಿಗೆ ಬಿದ್ದ.

"ಸೈಕಲ್ ಬಂತಾ?"
ಇಲ್ಲ.
"ಕಥೆ ಕೊನೆಗೇನಾತು?"
ಓದಿದ್ದೆ. ಮರೆತೆ.
ನಂಬಲಿಲ್ಲ ಅವಳು. ಕೊನೆಯನ್ನು ಯಾರಾದರೂ ಮರೆಯುತ್ತಾರಾ?

ಆಗ ಕಂಡದ್ದು ರಟ್ಟಿನ ಒಳಗಿನ ನೇರಳೆ ಮೊಹರು:
ಕೊಟ್ರೇಶ್ವರ ವಾಚನಾಲಯ, ಮಂಡಿಪೇಟೆ, ದಾವಣಗೆರೆ.
ತಡವಾದಲ್ಲಿ ದಿನಕ್ಕೆ ಹತ್ತು ಪೈಸೆ.
ಮಗಳು ಫೋನಿನಲ್ಲಿ ಗುಣಿಸಿದಳು.
ಲೀಪ್ ವರ್ಷ ಮಾಫಿ ಮಾಡಿ
ಸಾವಿರದ ಇನ್ನೂರ ನಲವತ್ತೊಂದು ರೂಪಾಯಿ.
"ನೀನೂ ಕಳ್ಳನೇ" ಎಂದಳು,
ಸ್ವಲ್ಪ ಹೆಮ್ಮೆಯಿಂದ.

ಭಾನುವಾರ ಸ್ಕೂಟರಿನ ಮುಂದೆ ನಿಂತು ಬಂದಳು.
ವಾಚನಾಲಯವಿದ್ದ ಮೆಟ್ಟಿಲ ಮೇಲೀಗ ಮ್ಯಾಚಿಂಗ್ ಸೆಂಟರು.
ಗೋಡೆ ತುಂಬ ರವಿಕೆ ಬಟ್ಟೆ,
ಗಿಳಿಹಸಿರೊಂದರಲ್ಲೇ ಹನ್ನೊಂದು ಹಸಿರು.
ಗಲ್ಲಾಪೆಟ್ಟಿಗೆಯ ಹಿಂದಿನ ಹೆಂಗಸು ಕೊಟ್ರಯ್ಯನವರ ಸೊಸೆಯಂತೆ.
ಮೊಹರು ನೋಡಿ, ಟೇಪು ಕೊರಳಿಗೆ ಹಾಕಿಕೊಂಡು
"ಮಾವ ಇದ್ದಿದ್ರೆ ಕಿವಿ ಹಿಂಡ್ತಿದ್ರು" ಎಂದಳು.
"ಅವರು ಹೋಗಿ ಒಂಬತ್ತು ವರ್ಷ ಆತು. ಪುಸ್ತಕ ಎಲ್ಲಾ
ಮಂಡಕ್ಕಿ ಅಂಗಡೀಗೆ ತೂಕಕ್ಕೆ ಹಾಕಿದ್ವಿ."

ಮಗಳು ದುಡ್ಡು ಮುಂದಿಟ್ಟಳು.
ಆಕೆ ಎಣಿಸದೆ ಅದನ್ನು ವಾಪಸು ದೂಡಿ
ಪುಸ್ತಕ ತೆರೆದಳು, ನಿಂತೇ ಓದಿದಳು.
ಗಿರಾಕಿಯೊಬ್ಬರು ಫಾಲ್ಸ್ ಹಿಡಿದು ಕಾದರು.
ಕಿಟಕಿಯ ಪುಟಕ್ಕೆ ಬಂದು ತಲೆಯೆತ್ತಿ
"ಮುಂದೆ?" ಅಂದಳು, ನನ್ನ ಮಗಳ ಕಡೆ ನೋಡಿ.

"ಆನೆ ಒಳಗೆ ಕಳ್ಳ ಇರ್ಲೇ ಇಲ್ಲ. ಇನ್ನೊಂದು ಸಣ್ಣಾನೆ ಇತ್ತು."
ಒಂದು ಗಳಿಗೆಯೂ ತಡೆಯಲಿಲ್ಲ ಹುಡುಗಿ.
"ಕಳ್ಳ ಸೈಕಲ್ ಹತ್ತಿ ಆಗ್ಲೇ ಹರಿಹರ ದಾಟಿದ್ದ."

ಆಕೆ ನಗಲಿಲ್ಲ. ಬಿಲ್ ಬರೆಯುವ ಪೆನ್ನಿನಲ್ಲಿ
ಮೊಹರಿನ ಕೆಳಗೆ ಅಂದಿನ ತಾರೀಖು ಹಾಕಿ
ಪುಸ್ತಕವನ್ನು ಮಗಳ ಕೈಗೇ ಕೊಟ್ಟಳು.
"ಬರೋ ಭಾನುವಾರ ತಂದುಕೊಡ್ಬೇಕು, ನೋಡು."

ಆ ಭಾನುವಾರ ಕಳೆದು ಇವತ್ತು ಮಂಗಳವಾರ.
ಅಡುಗೆಮನೆಯ ನೆಲದ ಮೇಲೆ ಮಗಳು
ಕಿಟಕಿಯ ಅಳತೆಗೆ ಸರಿಯಾಗಿ ಹಾಳೆ ಕತ್ತರಿಸಿ
ಬರೆಯುತ್ತಾಳೆ, ಅಳಿಸುತ್ತಾಳೆ.
ಸೈಕಲ್ಲಿನ ಹಿಂದಿನ ಚಕ್ರ ಹಿಡಿಸುತ್ತಿಲ್ಲ.
ನಾನು ಏನೂ ಕೇಳದಿದ್ದರೂ
"ಇಪ್ಪತ್ತು ಪೈಸೆ ಆತು" ಎನ್ನುತ್ತಾಳೆ
ತಲೆಯೆತ್ತದೆ.