ಹಲ್ಲಿನ ಲೆಕ್ಕ

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ.
ಕೆಂಟಕಿಯ ಈ ಕಲ್ಲಿದ್ದಲ ಕಣಿವೆಯಲ್ಲಿ
ಎಮ್ಮೆ ಕೊಟ್ಟವರೇ ಎಣಿಸುತ್ತಾರೆ,
ಮೂರು ತಿಂಗಳಿಗೊಮ್ಮೆ, ನಮೂನೆ ಏಳರಲ್ಲಿ:
ಕಿತ್ತ ಹಲ್ಲು ಎಷ್ಟು, ತುಂಬಿದ ಹಲ್ಲು ಎಷ್ಟು,
ಹಲ್ಲೊಂದಕ್ಕೆ ತಗುಲಿದ ವೆಚ್ಚ ಎಷ್ಟು.

ನಾನು ಲೆಕ್ಕ ಬರೆಯುವವನು.
ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ
ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ
ವರ್ನಾ ಸ್ಟಿಡಮ್ ಎದುರು ಕೂರುತ್ತೇನೆ.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಹಿಂದಿನ ಸೀಟುಗಳ ಹಲ್ಲುನೋವಿನ ಅಳು
ನಿವೃತ್ತಿಯಾದರೂ ಕಿವಿ ಬಿಡದೆ
ಒಂದು ಹಳೇ ವ್ಯಾನು ಕೊಂಡು, ದಂತವೈದ್ಯನನ್ನು ಹಿಡಿದು ತಂದಳು.
ವ್ಯಾನಿನ ಹೆಸರು ಮೂವತ್ತೆರಡು.

ಮೊದಮೊದಲು ನನಗೆ ದುಡ್ಡೆಂದರೆ ದುಡ್ಡು.
ಆಮೇಲೆ ತಿಳಿಯಿತು, ದುಡ್ಡಿಗೂ ಮಡಿ ಮೈಲಿಗೆ ಇದೆ,
ಒಂದು ಇನ್ನೊಂದನ್ನು ಮುಟ್ಟುವಂತಿಲ್ಲ.

ಲೂಯಿವಿಲ್ಲಿನ ಪ್ರತಿಷ್ಠಾನದ್ದು ಎಕ್ಸ್‌ರೇ ಯಂತ್ರಕ್ಕೆ ಮಾತ್ರ.
ಯಂತ್ರ ಬಂತು, ಎದೆಯ ಮೇಲೆ ಅವರ ಹೆಸರಿನ ತಗಡು ಹೊತ್ತು,
ಹೊಸ ಮದುಮಗಳ ಹಾಗೆ ಮುಸುಕಿನೊಳಗೆ ಕೂತಿತು.
ಅದನ್ನು ಹೊತ್ತೊಯ್ಯುವ ಪೆಟ್ರೋಲಿಗೆ
ಆ ಹಣದಲ್ಲಿ ಹನಿಯೂ ಇಲ್ಲ.

ಸರ್ಕಾರ ಹಾಗಲ್ಲ, ಧಾರಾಳಿ:
ಮೊದಲು ನೀವು ಖರ್ಚು ಮಾಡಿ, ರಸೀದಿ ಕಳಿಸಿ,
ತೊಂಬತ್ತು ದಿನದಲ್ಲಿ ತುಂಬಿಕೊಡುತ್ತೇವೆ.
ಇದ್ದರೆ ತಾನೆ ಖರ್ಚು ಮಾಡುವುದು, ಅಂದೆ.
ವರ್ನಾ ಮನೆಯ ಮೇಲೆ ಸಾಲ ತೆಗೆದಳು.
ಬಡ್ಡಿಗೂ ರಸೀದಿ ಇತ್ತು.
ಬಡ್ಡಿಗೆ ಅನುದಾನ ಅನ್ವಯಿಸುವುದಿಲ್ಲ.

ಬ್ಯಾಂಕಿನವರದು ಸಮಪಾಲು:
ನೀವು ಊರಲ್ಲಿ ಒಂದು ಡಾಲರ್ ಎತ್ತಿದರೆ ನಮ್ಮದೂ ಒಂದು.
ಎತ್ತಿದೆವು. ಹನ್ನೊಂದು ಕೌದಿ ಹರಾಜಾದವು.
ಗಣಿ ಮುಚ್ಚಿದ ಮೇಲೆ ಸುಮ್ಮನೆ ಕೂತಿದ್ದ ಡೆಲ್ಮಾರ್ ಫ್ಯೂಗೇಟ್
ಅಪ್ಪನ ಬ್ಯಾಂಜೊ ತಂದು ಮೇಜಿನ ಮೇಲಿಟ್ಟು
ಕೂಗು ಮುಗಿಯುವವರೆಗೂ ಹೊರಗೆ ನಿಂತ, ಬರೀ ತಲೆಯಲ್ಲಿ, ಚಳಿಯಲ್ಲಿ.
ನೂರ ನಲವತ್ತು ಡಾಲರ್.
ಬ್ಯಾಂಕು ಇನ್ನೊಂದು ನೂರ ನಲವತ್ತು ಸೇರಿಸಿತು.
ಬ್ಯಾಂಜೊಗೆ ಬ್ಯಾಂಜೊ ಸೇರಿಸಲಿಲ್ಲ.

ಮತ್ತೊಂದು, ಸಾಮರ್ಥ್ಯ ಬೆಳೆಸುವ ಅನುದಾನ.
ಟೈ ಕಟ್ಟಿದವನೊಬ್ಬ ಲೆಕ್ಸಿಂಗ್ಟನ್ನಿನಿಂದ ಬಂದು
ಬಿಳಿ ಹಲಗೆಯ ತುಂಬ ಬಾಣ ಬರೆದ. ನಗಬೇಡಿ,
ಕಾಲಮ್ಮು ಎಳೆಯುವುದು ನನಗೆ ಕಲಿಸಿದ್ದು ಅವನೇ;
ಇಲ್ಲದಿದ್ದರೆ ಎರಡನೇ ವರ್ಷದ ಆಡಿಟ್ಟಿನಲ್ಲೇ ಮುಳುಗುತ್ತಿದ್ದೆವು.

ಫೆಬ್ರುವರಿಯ ಒಂದು ಬುಧವಾರ ವ್ಯಾನು ಮಿಸುಕಲಿಲ್ಲ.
ಬ್ಯಾಟರಿ ಸತ್ತಿತ್ತು. ಕಣಿವೆಯ ಕೊನೆಯ ಮನೆಯಲ್ಲಿ
ಕೆನ್ನೆ ಊದಿದ ಹುಡುಗಿ, ಒಂಬತ್ತು ವರ್ಷ, ಜ್ವರ.
ಎಕ್ಸ್‌ರೇ ಕಾಲಮ್ಮಿನಲ್ಲಿ ಆರು ಸಾವಿರ ಚಿಲ್ಲರೆ,
ರಿಪೇರಿ ಕಾಲಮ್ಮಿನಲ್ಲಿ ಹನ್ನೊಂದು ಡಾಲರ್.
ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ:
ಈ ಮಾತು ಕಟ್ಟಿದವನು
ಯಾವುದೋ ಸಂಸ್ಥೆಯ ಖಜಾಂಚಿಯೇ ಇರಬೇಕು.

ನೂರ ಹದಿನೆಂಟು ಡಾಲರ್ ಆ ಕಡೆಯಿಂದ ಈ ಕಡೆಗೆ ಸರಿಸಿದೆ.
ಆಗ ಕೈ ನಡುಗಲಿಲ್ಲ; ರಾತ್ರಿ ನಡುಗಿತು.
ಶುಕ್ರವಾರ ಸಂಬಳವಾದೊಡನೆ ಮರಳಿ ಇಟ್ಟೆ,
ಆಡಿಟರಿಗೆ ನಾನೇ ಹೇಳಿದೆ.
ಅವನು ಕನ್ನಡಕ ತೆಗೆದು ಒರೆಸಿದ.
"ಇನ್ನೊಮ್ಮೆ ಹೇಳಬೇಡಿ" ಅಂದ. ತುಸು ತಡೆದು,
"ಇನ್ನೊಮ್ಮೆ ಮಾಡಲೂ ಬೇಡಿ."

ಏಪ್ರಿಲ್ಲಿನಲ್ಲಿ ಒಹಾಯೊದಿಂದ ಒಂದು ಲಕೋಟೆ.
ನಾವು ಕಂಡರಿಯದ ಕೈಬರಹ, ಅರವತ್ತು ಡಾಲರಿನ ಚೆಕ್ಕು,
ಜೊತೆಗೊಂದು ಚೀಟಿ: ಯಾವುದಕ್ಕಾದರೂ ಸರಿ.
ವರ್ನಾ ಅದನ್ನು ದೀಪಕ್ಕೆ ಹಿಡಿದು ನೋಡಿದಳು,
ಹಿಂದೆ ಎಲ್ಲಾದರೂ ಷರತ್ತು ಅಡಗಿದೆಯೋ ಎಂದು.
ಫೋನ್ ಬಿಲ್ಲು ಕಟ್ಟಿದೆವು.
ಉಳಿದದ್ದರಲ್ಲಿ ಶೌಚಕ್ಕೆ ಕಾಗದ, ಬಲ್ಬು ಎರಡು.
ತಗಡಿನ ಮೇಲೆ ಯಾರೂ ಹೆಸರು ಕೆತ್ತಿಸದ ಖರ್ಚು.

ಈಗ ಮತ್ತೆ ನಮೂನೆ ಏಳು, ಕೊನೆಯ ಪ್ರಶ್ನೆ:
ನಮ್ಮ ಹಣ ನಿಂತ ಮೇಲೆ ಹೇಗೆ ಮುಂದುವರಿಯುವಿರಿ?
ವರ್ನಾ ಪೆನ್ಸಿಲ್ ಕಚ್ಚುತ್ತಾ ಯೋಚಿಸುತ್ತಾಳೆ.
ನಾನು ಅದರ ಮರದ ಮೇಲಿನ ಹಲ್ಲಿನ ಗುರುತು ಎಣಿಸುತ್ತೇನೆ.
ಇಪ್ಪತ್ತಮೂರು, ಇಪ್ಪತ್ತನಾಲ್ಕು.
ಇವನ್ನು ಯಾವ ಕಾಲಮ್ಮಿಗೆ ಹಾಕಲಿ?