ಹಲಗೆ ಹಿಡಿದವನು

ಕ್ಯಾಮೆರಾ ಕ್ಲೆಮ್‌ನದು, ಹಲಗೆ ನನ್ನದು.
ಸೀಮೆಸುಣ್ಣದಲ್ಲಿ ನಂಬರು ಬರೆದು, ಎದೆಗೆ ಹಿಡಿದು,
ಮನೆಯ ಮುಂದೆ ನಿಲ್ಲುವುದು. ಅಷ್ಟೇ ಕೆಲಸ.
ದಿನಕ್ಕೆ ನಲವತ್ತು ಮನೆ, ಮಳೆ ಬಂದರೆ ರಜೆ.
ಸಿನ್ಸಿನಾಟಿಯ ವೆಸ್ಟ್ ಎಂಡ್, ಐವತ್ತೊಂಬತ್ತರ ಮಾರ್ಚಿ.
ಹೆದ್ದಾರಿ ಬರುತ್ತದಂತೆ;
ಬರುವ ಹೆದ್ದಾರಿಗೆ ಮನೆಗಳು
ಎದ್ದು ದಾರಿ ಬಿಡಬೇಕಂತೆ.

ವಿಕ್ಟೋರಿಯಾ ರಾಣಿಯ ಕಾಲದವು ಅವು,
ಜರ್ಮನಿಯಿಂದ ಬಂದ ಗಾರೆಯವರು ಕಟ್ಟಿದ್ದು.
ಕೆಂಪಿಟ್ಟಿಗೆಯ ಸಪೂರ ಮೈ, ನೀಳ ಕಿಟಕಿ,
ಸೂರಿನಂಚಿಗೆ ಸಾಲುಹಲ್ಲಿನಂಥ ಮರಗೆತ್ತನೆ;
ಕೆಲವಕ್ಕೆ ಹಲ್ಲು ಉದುರಿತ್ತು.
ಆಮೇಲೆ ಅಲಬಾಮಾದಿಂದ, ಜಾರ್ಜಿಯಾದಿಂದ
ಹತ್ತಿ ಬಿಟ್ಟು ರೈಲು ಹತ್ತಿದವರು
ಒಂದು ಮನೆಯನ್ನು ಆರು ಮಾಡಿಕೊಂಡು
ಆರರಲ್ಲೂ ಒಲೆ ಹಚ್ಚಿದ್ದರು.
ನಮ್ಮ ಕಾಗದದಲ್ಲಿ ಅಷ್ಟಕ್ಕೂ ಒಂದೇ ಮಾತು: ಶಿಥಿಲ.
ಬರೆದವನು ಒಳಗೆ ಕಾಲಿಟ್ಟವನಲ್ಲ.
ನಾನೂ ಅಲ್ಲ.

ಸಾವಿರದ ನೂರಾ ಹದಿನೇಳು.
ಬಾಗಿಲು ತೆಗೆದವಳು ಒಡೆಸ್ಸಾ ಪ್ರೂಯಿಟ್,
ಏಪ್ರನ್ನಿನ ಜೇಬಿನ ತುಂಬ ಬಟ್ಟೆ ಕ್ಲಿಪ್ಪು.
‘ಫೋಟೋನಾ? ತಡಿ.’
ಬಕೆಟ್ಟು ತಂದಳು.
ಐದು ಕಲ್ಲಿನ ಮೆಟ್ಟಿಲು, ನಡು ಸವೆದವು;
ಮೊಣಕಾಲೂರಿ ಒಂದೊಂದನ್ನೂ ಉಜ್ಜಿದಳು,
ಚರ್ಚಿಗೆ ಹೊರಟ ಹುಡುಗನ
ಕಿವಿ ಹಿಂದೆ ಉಜ್ಜುವ ಹಾಗೆ.
ಮೇಲೆಲ್ಲೋ ಯಾರೋ ಟ್ರಾಂಬೋನು ಕಲಿಯುತ್ತಿದ್ದರು,
ಅದೇ ಸ್ವರಕ್ಕೆ ಬಂದು ಅಲ್ಲೇ ಎಡವುತ್ತಿದ್ದರು.
ಕ್ಲೆಮ್ ಗಡಿಯಾರ ನೋಡಿದ.
‘ಅಮ್ಮಾ, ಇದು ಕೆಡವೋದಕ್ಕೆ’ ಎಂದೆ,
ತಿಳಿಯದವಳಿಗೆ ತಿಳಿಹೇಳುವವನಂತೆ.
‘ಗೊತ್ತು’ ಅಂದಳು, ತಲೆಯೆತ್ತದೆ.
‘ಫೋಟೋ ಕೆಡವಲ್ವಲ್ಲ.’

ಅಕ್ಟೋಬರಿನಲ್ಲಿ ಕಬ್ಬಿಣದ ಗುಂಡು ಬಂತು.
ನಾನು ನೋಡಲು ಹೋಗಲಿಲ್ಲ.
ಸುಳ್ಳು. ಹೋಗಿದ್ದೆ.
ಮುಂಗೋಡೆ ಕಳಚಿದ ಮೇಲೆ ಮೂರನೇ ಮಹಡಿಯ
ನೀಲಿ ಗೋಡೆಕಾಗದ ಮೊದಲ ಸಲ ಬಿಸಿಲು ಕಂಡಿತು,
ಮೊಳೆಗೆ ತೂಗಿದ ಒಂದು ತೋಳಿಲ್ಲದ ಸ್ವೆಟರು
ಸ್ವಲ್ಪ ಹೊತ್ತು ಗಾಳಿಗೆ ಆಡಿತು.
ಅವಳು ಎಲ್ಲಿಗೆ ಹೋದಳೆಂದು
ಕೇಳಬಹುದಿತ್ತು; ಕಚೇರಿಯಲ್ಲಿ ಪಟ್ಟಿ ಇತ್ತು.
ವಾರಕ್ಕೆ ಅರವತ್ತೆರಡು ಡಾಲರು ಸಂಬಳ ನನಗೆ,
ಶನಿವಾರ ನೃತ್ಯ, ಭಾನುವಾರ ನಿದ್ದೆ.

ಮೊನ್ನೆ ಲೈಬ್ರರಿಯಲ್ಲಿ ಆ ಫೋಟೋಗಳನ್ನು
ಗೋಡೆ ತುಂಬ ತೂಗಿದ್ದರು.
ಕೋಲೂರಿಕೊಂಡು ಹೋದೆ.
ಎಲ್ಲದರಲ್ಲೂ ನಾನಿದ್ದೇನೆ:
ಮೇಲೆ ಹ್ಯಾಟು, ಕೆಳಗೆ ಬೂಟು,
ನಡುವೆ ಮುಖದ ಜಾಗದಲ್ಲಿ ನಂಬರು.
ಎದೆಗೆ ಹಿಡಿದ ನೆನಪು ನನಗೆ;
ಯಾವಾಗ ಮುಖಕ್ಕೇರಿಸಿದೆನೋ.
ಪಕ್ಕದಲ್ಲೊಬ್ಬ ಪುಟ್ಟ ಹುಡುಗಿ ತಾಯಿಯ ಕೈ ಜಗ್ಗಿ
‘ಇಷ್ಟೂ ಮನೆ ಇವನದೇನಾ?’ ಎಂದಳು.
ತಾಯಿ ನಕ್ಕಳು. ನಾನು ಕೆಮ್ಮಿದೆ.

ಹದಿನೇಳನ್ನು ಹುಡುಕಿದೆ. ಸಿಕ್ಕಿತು.
ಬಾಗಿಲು ಮುಚ್ಚಿದೆ. ಅವಳು ಚೌಕಟ್ಟಿನೊಳಗಿಲ್ಲ,
ಬಕೆಟ್ಟನ್ನು ನಾವೇ ಸರಿಸಿಡಲು ಹೇಳಿದ್ದೆವು.
ಈಗ ಅಲ್ಲಿ ಟೈರಿನ ಗೋದಾಮು, ಆಚೆಗೆ ಎಂಟು ಸಾಲು ವಾಹನ.
ಆದರೆ ಆ ಐದು ಮೆಟ್ಟಿಲು—
ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದೆ—
ಇನ್ನೂ ಒದ್ದೆ.