ಹಕಾರ ಎಲ್ಲಿ ಹೋಯಿತು

ಮೊದಲು ಅನುಮಾನ ಬಂದದ್ದು ವಯರಿನ ಮೇಲೆ.
ಆರು ವರ್ಷದಿಂದ ಅದೇ ಹೆಡ್‌ಫೋನು,
ಪಿ.ಜೆ. ಬಡಾವಣೆಯ ವಕೀಲರ ಆಫೀಸು,
ಮೆಟ್ಟಿಲ ಕೆಳಗೆ ನನ್ನ ಟೈಪಿಂಗ್ ಗೂಡು.
ಕಕ್ಷಿದಾರರ ಮಾತನ್ನು ಮೊಬೈಲಲ್ಲಿ ಹಿಡಿದು ಕಳಿಸುತ್ತಾರೆ,
ಕಿವಿ ಕೇಳುತ್ತದೆ, ಬೆರಳು ಬರೆಯುತ್ತದೆ,
ಪುಟಕ್ಕೆ ಹದಿನೆಂಟು ರೂಪಾಯಿ.

ಯಾವಾಗಿನಿಂದ ಹೀಗೆ ಅಂತ ಹೇಳಲಾರೆ.
ಹಾಲು ಒಡೆದ ಗಳಿಗೆಯನ್ನು ಯಾರು ನೋಡಿದ್ದಾರೆ?
ಎಡಗಡೆ ಎಲ್ಲರೂ ಕಂಬಳಿ ಹೊದ್ದು ಮಾತಾಡುತ್ತಿದ್ದರು.
ಬಲಗಡೆ ಒಂದು ಜೀರುಂಡೆ,
ದಪ್ಪ ದನಿಯ ಗಂಡಸರು ಬಾಯಿ ತೆರೆದಾಗ ಮಾತ್ರ.

ತಿರುಗಿಸಿ ಹಾಕಿಕೊಂಡೆ, ಎಡದ್ದು ಬಲಕ್ಕೆ:
ಕಂಬಳಿಯೂ ಬಲಕ್ಕೆ ಬಂತು. ಸದ್ಯ, ಕಿವಿಯದಲ್ಲ.
ಫೋನು ಬದಲಿಸಿದೆ, ಅದೇ ಕಂಬಳಿ.
ಪಿನ್ನು ಉಜ್ಜಿದೆ, ವಯರು ನೀವಿದೆ.
"ಹೊಸದು ತಗೊಳ್ಳೇ" ಅಂದಳು
ಜೆರಾಕ್ಸ್ ಮಷೀನಿನ ಆಚೆಯಿಂದ ತಬಸ್ಸುಮ್.
ಹೊಸದೆಂದರೆ ಬೇರೆ ಊರಿನ ನೀರು,
ಕಿವಿಗೆ ನೆಗಡಿಯಾಗುತ್ತದೆ.

ನಿಜವಾದ ತಾಪತ್ರಯ ಹಕಾರದ್ದು.
ನಮ್ಮ ಕಡೆ ಹಾಲು ಆಲು, ಹಗ್ಗ ಅಗ್ಗ,
ಹೂವು ಊವಾಗಿಯೇ ಅರಳುತ್ತದೆ.
ಬಾಯಿ ಬಿಟ್ಟುಕೊಟ್ಟ ಹಕಾರ ಯಾವುದು,
ಹೆಡ್‌ಫೋನು ನುಂಗಿದ ಹಕಾರ ಯಾವುದು?
ಮೂವತ್ತೇಳನೇ ಫೈಲಿನಲ್ಲಿ ಒಬ್ಬಳು
ತನ್ನ ಹೆಸರನ್ನೇ ಒನ್ನೂರಮ್ಮ ಎಂದಳು.
ಅದನ್ನು ತಿದ್ದಿದೆ, ಆಧಾರ್ ಕಾರ್ಡಿತ್ತು.
ಆಮೇಲೆ ಅಂದಳು:
"ರಾತ್ರಿ ಬಂದೋನೇ ಒಡ್ದ."
ಏನನ್ನು ಒಡೆದ? ಯಾರಿಗೆ ಹೊಡೆದ?
ಮುಂದಿನ ಮಾತು ಬಸ್ಸಿನ ಹಾರ್ನಿಗೆ ಹೋಗಿತ್ತು.
ಜೀವನಾಂಶದ ಅರ್ಜಿಯಲ್ಲಿ
ಒಂದು ಕೊಡಕ್ಕೂ ಒಂದು ಕೆನ್ನೆಗೂ ನಡುವೆ
ಒಂದೇ ಅಕ್ಷರ.
'ಒಡೆದ' ಅಂತ ಟೈಪು ಮಾಡಿ
ಮೇಲೆ ಹಳದಿ ಬಳಿದು ಬಿಟ್ಟಿದ್ದೆ.

ಮಂಡಿಪೇಟೆಯ ಮೌನೇಶಾಚಾರಿ,
ಅವರಪ್ಪನ ಕಾಲಕ್ಕೆ ಚಿನ್ನದ ಕೆಲಸ,
ಈಗಲೂ ಅದೇ ಚಿಮಟ, ಅದೇ ಭೂತಗನ್ನಡಿ.
ಮೆತ್ತೆ ಬಿಚ್ಚಿದ. ಸ್ಪಂಜು
ಗಾಳಿ ಹೊಡೆದ ಮಂಡಕ್ಕಿಯ ಹಾಗೆ ಸೊರಗಿ ತಳ ಹಿಡಿದಿತ್ತು.
"ಇದು ಸವೆದರೆ ಕಿವಿ ಗೋಡೆಗೆ ತಾಗುತ್ತೆ ಅಕ್ಕಾ,
ಸದ್ದಿಗೂ ಒಂದಿಷ್ಟು ಅಂಗಳ ಬೇಕು."
ಎಡದ ಜಾಲರಿಯ ಮೇಲೆ ಕರೀ ಪದರ:
ನನ್ನ ಮನೆಯ ಬೆನ್ನಿಗೇ ಬಾಷಾನಗರದ ಭಟ್ಟಿಗಳು,
ಅವುಗಳ ಮಸಿ, ನನ್ನ ಕಿವಿಯ ಗುಗ್ಗೆ,
ಯಾವುದು ಊರು ಯಾವುದು ನಾನು
ಬೇರೆ ಮಾಡಲು ಬಾರದ ಹಾಗೆ ಅಂಟಿಕೊಂಡಿದ್ದವು.
ಬಲಗಡೆ ಜೀರುಂಡೆಯೂ ಸಿಕ್ಕಿತು.
ಒಂದು ಕೂದಲು, ಪರದೆಗೆ ಅಡ್ಡ ಬಿದ್ದದ್ದು.
ತುದಿ ಕಪ್ಪು, ಬುಡ ಬಿಳಿ.
ಆಚಾರಿ ಬೆಳಕಿಗೆ ಹಿಡಿದು ನೋಡಿದ,
ಏನೂ ಅನ್ನದೆ ಊದಿಬಿಟ್ಟ.
ಇನ್ನೂರ ನಲವತ್ತು ರೂಪಾಯಿ:
ಹದಿಮೂರು ಪುಟ, ಮೇಲೊಂದಿಷ್ಟು ಸಾಲು.

ಸಂಜೆ ಹಾಕಿಕೊಂಡರೆ
ಯಾರದೋ ಮನೆಯೊಳಗೆ ಕಾಲಿಟ್ಟ ಹಾಗೆ.
ಮೆತ್ತೆ ಬಿಗಿ, ಸಕಾರವೆಲ್ಲ ಸೂಜಿ,
ವಕೀಲರ ಗೋಡೆ ಗಡಿಯಾರ ಸದ್ದು ಮಾಡುತ್ತದೆಂದು
ಆರು ವರ್ಷಕ್ಕೆ ಗೊತ್ತಾಯಿತು.
ನೇರ ಮೂವತ್ತೇಳಕ್ಕೆ ಹೋದೆ.

"ರಾತ್ರಿ ಬಂದೋನೇ ಒಡ್ದ."
ಸ್ಪಷ್ಟ. ಹಕಾರ ಇಲ್ಲ.
ಪಾಪ, ಹೆಡ್‌ಫೋನು ಏನೂ ನುಂಗಿರಲಿಲ್ಲ.
ಹಿಂದಕ್ಕೆ ಎಳೆದು ಮತ್ತೆ ಕೇಳಿದೆ.
ಬಂದೋನೇ, ಒಡ್ದ, ಎರಡರ ನಡುವೆ
ಇಷ್ಟು ದಿನ ಖಾಲಿ ಅಂದುಕೊಂಡ ಜಾಗದಲ್ಲಿ
ಒಂದು ಉಸಿರು, ಒಳಕ್ಕೆ.
ಆಮೇಲೆ ಬಳೆ,
ಕೈ ಎಲ್ಲಿಗೋ ಹೋದ ಹಾಗೆ.
ಕೆನ್ನೆಗೋ, ಸೆರಗಿಗೋ?
ಅಷ್ಟನ್ನು ಸದ್ದು ಹೇಳುವುದಿಲ್ಲ,
ಎಷ್ಟೇ ಒಳ್ಳೆಯ ಮೆತ್ತೆ ಹಾಕಿಸಿದರೂ.

ಹಳದಿ ಹಾಗೇ ಇದೆ.
ಮೇಲಿನ ಜೂನಿಯರ್ ಶಶಿರೇಖಾಗೆ ಫೋನು ಮಾಡಿದೆ,
ಸೋಮವಾರ ಆಯಮ್ಮ ಬಂದರೆ ಕೆಳಗೆ ಕಳಿಸಿ,
ಒಂದಕ್ಷರ ಕೇಳೋದಿದೆ.
"ಯಾರು, ಒನ್ನೂರಮ್ಮನಾ?"
ಹೊನ್ನೂರಮ್ಮ, ಅಂದೆ.